ಪರದೇಶದ ಮನೆಯಲ್ಲಿ ರೊಟ್ಟಿಯ ಸಪ್ಪಳ

ದೆವ್ವಗಳ ವಿಷಯದಲ್ಲಿ ನನ್ನ ನಿಲುವು ಬಹುಕಾಲ ಸ್ಪಷ್ಟವಾಗಿತ್ತು. ಅವು ಇಲ್ಲ; ಇದ್ದರೂ ಬಟ್ಟೆ ಅಂಗಡಿಯವನ ಹತ್ತಿರ ಅವಕ್ಕೇನು ಕೆಲಸ? ಈ ಸಿದ್ಧಾಂತದ ಬಲದಿಂದ ನಾನು ಎಷ್ಟೋ ಕಟ್ಟೆಗಳ ಮೇಲೆ ವಾದ ಗೆದ್ದಿದ್ದೇನೆ. ಈಗ ಹೇಳಹೊರಟ ಸಂಗತಿ ನಡೆದ ಮೇಲೆ ವಾದಿಸುವುದನ್ನು ಬಿಟ್ಟೆ. ನಂಬಿಕೆ ಬಂತೆಂದಲ್ಲ. ನಾನು ಬಾಯಿ ತೆರೆದರೆ ಸಾಕು, ಅಡಿಗೆಮನೆಯಿಂದ ನನ್ನ ಹೆಂಡತಿ ಕೆಮ್ಮುತ್ತಾಳೆ.

ಇದು ನಾನು ಪರದೇಶದಲ್ಲಿ ಮನೆ ಕೊಂಡಾಗಿನ ಮಾತು. ಓದುಗರು ಹಡಗು, ಹಿಮ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ನಾನು ರೋಣದ ಕಡೆಯವನು, ಎಂದರೆ ಆಗ ಇಂಗ್ಲಿಷರ ಪ್ರಜೆ. ಮನೆ ಕೊಂಡದ್ದು ಕುಷ್ಟಗಿಯಲ್ಲಿ, ಎಂದರೆ ನಿಜಾಮರ ರಾಜ್ಯದಲ್ಲಿ. ಚಕ್ಕಡಿಯಲ್ಲಿ ಮಲಗಿದರೆ ಒಂದು ನಿದ್ದೆಯ ದಾರಿ. ಆದರೂ ನಡುವೆ ಸುಂಕದ ನಾಕೆ ಇತ್ತು, ಗಂಟು ಬಿಚ್ಚಿಸಿ ನೋಡುವ ಜವಾನರಿದ್ದರು. ಆ ಕಡೆಯ ರೂಪಾಯಿಯ ಮೇಲೆ ರಾಜನ ತಲೆ, ಈ ಕಡೆಯದರ ಮೇಲೆ ಚಾರ್‌ಮಿನಾರು. ಎರಡೂ ಕಡೆ ಅದೇ ಕನ್ನಡ, ಅದೇ ಜೋಳ, ಅದೇ ಬಿಸಿಲು. ಆದರೇನು, ಪರದೇಶ ಪರದೇಶವೇ ಎಂದು ನನ್ನ ಹೆಂಡತಿ ತೀರ್ಮಾನಿಸಿದ್ದಳು.

ಕುಷ್ಟಗಿಯಲ್ಲಿ ನನ್ನ ಅಂಗಡಿ ನಡೆಯುತ್ತಿತ್ತು. ನಾನು ಒಂದು ಖೋಲಿಯಲ್ಲಿ ಮಲಗಿ, ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಆಕೆ ಊರಲ್ಲಿ. ಮದುವೆಯಾಗಿ ಕೆಲವು ವರ್ಷ ಕಳೆದರೂ ನಮ್ಮ ಸಂಸಾರ ಹಬ್ಬಕ್ಕೊಮ್ಮೆ ಮಾತ್ರ ನಡೆಯುತ್ತಿತ್ತು. "ಖೋಲ್ಯಾಗ ನಾ ಬಾಳೇ ಮಾಡೂದಿಲ್ಲ. ಮನಿ ಅಂತ ಒಂದು ಆಗಲಿ, ಆಮ್ಯಾಲ ನೋಡೂಣು" ಎಂದಿದ್ದಳು. ಆ 'ನೋಡೂಣು' ಎಂಬ ಒಂದು ಮಾತನ್ನು ನೆಚ್ಚಿಕೊಂಡು ನಾನು ಮನೆ ಹುಡುಕತೊಡಗಿದೆ.

ಬಸಣ್ಣನೆಂಬವನ ಮಾಳಿಗೆ ಮನೆ ಬಹಳ ವರ್ಷಗಳಿಂದ ಖಾಲಿ ಬಿದ್ದಿತ್ತು. ಗಟ್ಟಿ ಗೋಡೆ, ಅಗಲವಾದ ಪಡಸಾಲೆ. ಇಷ್ಟು ಒಳ್ಳೆಯ ಮನೆಯನ್ನು ಯಾರೂ ಯಾಕೆ ಕೊಂಡಿಲ್ಲ ಎಂದು ಕೇಳಿದೆ. ಬಸಣ್ಣ ಸತ್ಯವಂತ.

"ನಾ ಮುಚ್ಚಿಡಂಗಿಲ್ರಿ. ದೀಪಾ ಹಚ್ಚೂ ಹೊತ್ತಿಗೆ ಒಳಗ ರೊಟ್ಟಿ ಬಡೀತಾರ."

"ಯಾರು?"

"ಯಾರೂ ಇಲ್ರಿ. ಅದ ತ್ರಾಸು."

ಅಂದೇ ಸಂಜೆ ನೋಡಲು ಹೋದೆ. ಬಸಣ್ಣ ಬಾಗಿಲು ತೆಗೆದು, ತನಗೆ ಎತ್ತಿಗೆ ನೀರು ಕುಡಿಸುವ ಕೆಲಸವಿದೆ ಎಂದು ಹೊರಟುಹೋದ. ಅವನಿಗೆ ಎತ್ತುಗಳಿರಲಿಲ್ಲ. ನಾನು ಪಡಸಾಲೆಯ ಕಂಬಕ್ಕೆ ಒರಗಿ ನಿಂತೆ. ಹೊತ್ತು ಮುಳುಗಿತು. ಒಳಗಿನಿಂದ ಸಪ್ಪಳ ಬಂತು. ಕಲ್ಲಿನ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಅಂಗೈ. ಎರಡು ಬಡಿತ, ಒಂದು ತಡೆ. ಎರಡು ಬಡಿತ, ಒಂದು ತಡೆ. ನಡುನಡುವೆ ಬಳೆ.

ಅಡಿಗೆಮನೆಗೆ ಹೋದೆ. ಸಪ್ಪಳ ನಿಂತಿತು. ಒಲೆಯೊಳಗೆ ಬೆಕ್ಕು ಮರಿ ಹಾಕಿತ್ತು; ಅಲ್ಲಿ ಬೆಂಕಿ ಕಂಡು ಎಷ್ಟು ಕಾಲವಾಗಿತ್ತೋ. ತಿರುಗಿ ಪಡಸಾಲೆಗೆ ಬಂದೆ. ಸಪ್ಪಳ ಮತ್ತೆ ಶುರುವಾಯಿತು. ಗೋಡೆಯಾಚೆಯ ಮನೆಯಿಂದ ಬರುತ್ತಿರಬಹುದೇ ಎಂದು ಅಲ್ಲಿಗೂ ಹೋಗಿ ನೋಡಿದೆ. ಅಲ್ಲಿ ಗೌರಜ್ಜಿಯೆಂಬ ಮುದುಕಿ ಅಂಬಲಿ ಕುಡಿಯುತ್ತ ಒಬ್ಬಳೇ ಕೂತಿದ್ದಳು.

ಇಂಥ ಸಮಯದಲ್ಲಿ ರೋಮ ನಿಮಿರುತ್ತದೆಂದು ಕೇಳಿದ್ದೇನೆ. ನನಗೆ ಹಾಗೇನೂ ಆಗಲಿಲ್ಲ. ಹಸಿವಾಯಿತು. ಖಾನಾವಳಿಯ ಊಟದಲ್ಲಿ ಒಣಗಿದ ಮನುಷ್ಯನಿಗೆ ಆ ಸಪ್ಪಳ ಎಷ್ಟು ಹಿತವಾಗಿತ್ತೆಂದರೆ, ಮರುದಿನವೇ ಮನೆ ಗೊತ್ತುಮಾಡಿದೆ. ಕ್ರಯಪತ್ರ ಉರ್ದುವಿನಲ್ಲಿತ್ತು. ಬರೆದವನು ಓದಿ ಹೇಳಿದ ಪ್ರಕಾರ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲವೂ ನನ್ನವಾದವು. ರೊಟ್ಟಿ ಬಡಿಯುವವಳ ಮಾತು ಅದರಲ್ಲಿ ಇರಲಿಲ್ಲ. ನಾನೂ ಅದನ್ನು ಹೆಂಡತಿಗೆ ಹೇಳಿಕಳಿಸಲಿಲ್ಲ.

ಆಕೆ ಬಂದದ್ದು ಕರಾರಿನ ಮೇಲೆ. ಒಂದು ಹೊತ್ತು ಅಡಿಗೆ ಮಾಡಿ ನೋಡುವುದು, ಮನಸ್ಸು ಹತ್ತದಿದ್ದರೆ ಸಂಜೆಗೆ ಅದೇ ಚಕ್ಕಡಿಯಲ್ಲಿ ಹಿಂದಕ್ಕೆ. ನಾಕೆಯಲ್ಲಿ ಜವಾನ ಆಕೆಯ ರೊಟ್ಟಿ ಹಂಚನ್ನು ತಿರುಗಿಸಿ ತಿರುಗಿಸಿ ನೋಡಿದನಂತೆ. "ಯಾಕಪಾ, ನಿಮ್ಮ ಸರಕಾರದಾಗ ಹಂಚು ಕಂಡಿಲ್ಲೇನು?" ಎಂದು ಕೇಳಿ ಬಂದಿದ್ದಳು. ಬಾಗಿಲಿಗೆ ಬಂದವಳು ಚಕ್ಕಡಿಯವನಿಗೆ ಹೇಳಿದಳು: "ಎತ್ತು ಬಿಡು, ದೂರ ಹೋಗಬ್ಯಾಡ."

ಮನೆಯೆಲ್ಲ ತಿರುಗಿದಳು. ಬೆಕ್ಕಿನ ಸಂಸಾರವನ್ನು ಜೋಳ ತುಂಬುವ ಹಗೇವಿನ ಕಡೆಗೆ ವರ್ಗಾಯಿಸಿದಳು. ಒಲೆ ಸಾರಿಸಿ, ಬೆಂಕಿ ಮಾಡಿ, ಹಿಟ್ಟು ನಾದಿದಳು. ನಾನು ಪಡಸಾಲೆಯಲ್ಲಿ ಅದೇ ಕಂಬಕ್ಕೆ ಒರಗಿ, ತೀರ್ಪಿಗೆ ಕಾದ ಕೈದಿಯ ಹಾಗೆ ಕೂತಿದ್ದೆ. ಎರಡು ಬಡಿತ, ಒಂದು ತಡೆ. ಎರಡು ಬಡಿತ, ಒಂದು ತಡೆ. ಬಳೆ.

ಚಿಕ್ಕವಳಿದ್ದಾಗ ಆಕೆಯ ಎಡಗೈಯ ಹೆಬ್ಬೆರಳು ಬೀಸುಕಲ್ಲಿಗೆ ಸಿಕ್ಕು ನೆಟ್ಟಗೆ ನಿಂತುಬಿಟ್ಟಿತ್ತು. ರೊಟ್ಟಿ ತಿರುಗಿಸುವಾಗ ಅದು ಮಣಿಯದೆ ಕೈ ತಡೆಯುತ್ತದೆ. ಇಷ್ಟು ವರ್ಷ ಹಬ್ಬಕ್ಕೊಮ್ಮೆಯಾದರೂ ಆ ರೊಟ್ಟಿ ತಿಂದವನು ನಾನು. ಸಪ್ಪಳಕ್ಕೆ ಎಂದೂ ಕಿವಿಗೊಟ್ಟವನಲ್ಲ. ಗಂಡಸರ ಕಿವಿ ತಾಟಿಗೆ ಬಿದ್ದ ರೊಟ್ಟಿಯಿಂದ ಮುಂದಕ್ಕೆ ಕೇಳುತ್ತದೆ.

ನಾನಿನ್ನೂ ಕಂಬ ಹಿಡಿದುಕೊಂಡೇ ಇದ್ದೆ. ಗೌರಜ್ಜಿ ಕೋಲೂರಿಕೊಂಡು ಒಳಗೇ ಬಂದಳು. "ಇದೇನ, ಇವತ್ತು ಹಾಡಹಗಲ ಸುರು ಮಾಡ್ಯಾಳ" ಎಂದು ಗೊಣಗುತ್ತ ಅಡಿಗೆಮನೆಗೆ ಹಣಿಕಿ ಹಾಕಿ, ಅಲ್ಲೇ ನಿಂತಳು.

"ನೀ ಕಾಣಸ್ತೀಯಲ್ಲವ್ವಾ," ಎಂದಳು.

"ಕಾಣಸದ ಏನು ಮಾಡ್ಲಿ?" ಎಂದಳು ನನ್ನ ಹೆಂಡತಿ.

ಗೌರಜ್ಜಿ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. "ಇದ ಕೈ. ಎರಡು ಬಡದು ನಿಂದರತಿದ್ಲು. ಗ್ವಾಡಿ ಆ ಕಡೆ ಕುಂತು ಎಷ್ಟ್ ವರ್ಷ ಕೇಳೇನಿ, ನನಗ ತಪ್ಪತೈತೇನ?" ನಾನು ಬಾಗಿಲಾಚೆ ನೋಡಿದೆ. ಚಕ್ಕಡಿಯವನು ಎತ್ತು ಹೂಡುವ ಕಾಲ ಬಂತೆಂದುಕೊಂಡೆ.

ಹೆಂಡತಿ ತುಸು ಹೊತ್ತು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಆಮೇಲೆ ಕೇಳಿದಳು: "ರೊಟ್ಟಿ ಹೆಂಗಾಗತಿದ್ವು?"

"ಯಾರು ತಿಂದಾರ ತಂಗಿ? ಬರೇ ಸಪ್ಪಳ."

"ಹಂಗಾರ ಇದನ್ನ ತಿಂದು ನೋಡು."

ಗೌರಜ್ಜಿ ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಸಾವಕಾಶವಾಗಿ ತಿಂದಳು. "ಒಂದು ಕಡೆ ದಪ್ಪ ಆಗೇತಿ," ಎಂದಳು.

"ಕಲ್ಲು ಹೊಸಾದು. ಕೈ ಕುಂದ್ರಬೇಕು. ನಾಳಿಗೆ ಛಲೋ ಆಗತಾವು."

ನಾಳಿಗೆ ಎಂದಳು. ನಾನು ಹೊರಗೆ ಹೋಗಿ ಚಕ್ಕಡಿಯವನನ್ನು ಊಟಕ್ಕೆ ಕರೆದು, ಬರಿ ಚಕ್ಕಡಿ ಹೊಡೆದುಕೊಂಡು ಹೋಗು ಎಂದೆ. ಅಂದು ದೀಪ ಹಚ್ಚುವ ಹೊತ್ತಿಗೆ ನಾವಿಬ್ಬರೂ ಪಡಸಾಲೆಯಲ್ಲಿ ಕಿವಿ ನಿಮಿರಿಸಿ ಕೂತೆವು. ಸಪ್ಪಳ ಬರಲಿಲ್ಲ. ಮುಂದೆಯೂ ಬರಲಿಲ್ಲ.

ವಿಜ್ಞಾನ ಓದಿದ ನನ್ನ ಅಳಿಯ ಇದನ್ನು ಪ್ರತಿಧ್ವನಿ ಎಂದ. ಪ್ರತಿಧ್ವನಿ ಧ್ವನಿಯ ಹಿಂದೆ ಬರಬೇಕಲ್ಲಪ್ಪ, ವರ್ಷಾನುಗಟ್ಟಲೆ ಮುಂದೆ ಬರಬಹುದೇ ಎಂದು ಕೇಳಿದೆ. ಪುಸ್ತಕ ನೋಡಿ ಹೇಳುತ್ತೇನೆಂದು ಹೋದವನು ಇನ್ನೂ ನೋಡುತ್ತಿದ್ದಾನೆ. ಹೆಂಡತಿಯನ್ನು ಕೇಳಿದರೆ, "ನಾನು ಬಂದೇ ಬರತೀನಂತ ಮನಿಗೆ ಗೊತ್ತಿತ್ತು, ನಿಮಗ ಗೊತ್ತಿದ್ದಿಲ್ಲ" ಎನ್ನುತ್ತಾಳೆ. ಇದು ವಿವರಣೆಯೋ ಬೈಗುಳವೋ ತಿಳಿಯದು.

ಪಂಚಮಿಗೆ ಆಕೆ ತವರಿಗೆ ಹೋದಾಗಲೆಲ್ಲ ಸಂಜೆ ಆ ಕಂಬಕ್ಕೆ ಒರಗಿ ಕೂತು ಕಾದಿದ್ದೇನೆ. ಒಳಗಿನಿಂದ ಏನೂ ಕೇಳುವುದಿಲ್ಲ. ಕತ್ತಲಾದ ಮೇಲೆ ಎದ್ದು ಖಾನಾವಳಿಗೆ ಹೋಗುತ್ತೇನೆ.