ತಟ್ಟೆಯಲ್ಲಿದ್ದ ಕಾರಿನ ಕೀ

ಜಗಳೂರಿನ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ಗಂಡನನ್ನು ಡಯಾಲಿಸಿಸ್‌ಗೆ ದಾವಣಗೆರೆಗೆ ಕರೆದೊಯ್ಯಬೇಕು, ಬಸ್ಸಿನಲ್ಲಿ ಕೂತು ಬರುವ ಶಕ್ತಿ ಅವರಿಗಿಲ್ಲ. ಅಂಥದ್ದರಲ್ಲಿ ಈ ಹಾಳು ಕಾರು ದಾರಿಯಲ್ಲೇ ಆಫ್ ಆಗುವ ಚಾಳಿ ಹಿಡಿಯಿತು. ಒಮ್ಮೆ ಮೆಕ್ಕೆಜೋಳದ ಹೊಲಗಳ ನಡುವೆ ನಿಂತಾಗ ಹಿಂದಿನ ಸೀಟಿನಿಂದ ಅವರ ಏದುಸಿರು ಕೇಳಿಸುತ್ತಿತ್ತು.

ದಾವಣಗೆರೆಯ ಮೆಕ್ಯಾನಿಕ್ಕು ಒಂದು ಕೇಬಲ್ ಕೊಟ್ಟು ಕಳಿಸಿದ್ದ. ಅದರ ಒಂದು ತುದಿಯನ್ನು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ, ಇನ್ನೊಂದನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಾರಿನ ಕೀ ಆನ್ ಮಾಡಿಟ್ಟೆ. ಅವನು ತನ್ನ ಅಂಗಡಿಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಕಾರಿಗೆ ಹೊಸ ಪ್ರೋಗ್ರಾಂ ಹಾಕತೊಡಗಿದ.

"ಅಕ್ಕಾ, ಮುಗಿಯಾವರೆಗೂ ಕೀ ಮುಟ್ಟಬ್ಯಾಡ್ರಿ. ಅರ್ಧಕ್ಕೆ ನಿಂತರೆ ಗಾಡಿ ಏಳಾದು ಕಷ್ಟ ಐತೆ," ಎಂದು ಫೋನಿನಲ್ಲಿ ಹೇಳಿದ.

ಡಯಾಲಿಸಿಸ್ ಇದ್ದದ್ದು ಮರುದಿನ ಬೆಳಿಗ್ಗೆ.

ಲ್ಯಾಪ್‌ಟಾಪ್ ಪರದೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಗೆರೆ ಅರ್ಧ ತುಂಬಿತ್ತು. ಒಳಗಿನಿಂದ ಗಂಡ ನೀರು ಕೇಳಿದರು. ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟು ಹೊರಗೆ ಬಂದರೆ ಗೆರೆ ನಿಂತಿದೆ. ಅತ್ತೆ ಕಾರಿಗೆ ಊದುಬತ್ತಿ ಬೆಳಗುತ್ತಿದ್ದಾರೆ. ಕೀ ಅವರ ಪೂಜೆ ತಟ್ಟೆಯಲ್ಲಿದೆ, ಮೇಲೆ ಹಸಿ ಕುಂಕುಮ. ಅವತ್ತು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಅವರು ಗಾಡಿಪೂಜೆ ಮಾಡುವುದು, ಕೀಯನ್ನೂ ಪೂಜಿಸುವುದು ನನಗೆ ಗೊತ್ತಿದ್ದದ್ದೇ. ಗಾಬರಿಯಲ್ಲಿ ಮರೆತಿದ್ದೆ.

"ಕೀ ಯಾಕೆ ತೆಗೆದ್ರಿ ಅತ್ತೆ? ನಾಳೆ ನಿಮ್ಮ ಮಗನ್ನ ಹೊತ್ಕಂಡು ಹೋಗ್ತೀರೇನು?" ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. ಕುಂಕುಮ ಕೀ ಹಾಕುವ ತೂತಿನೊಳಗೆ ಹೋಗಿ ಕೀ ಸಿಕ್ಕಿಕೊಂಡೀತೆಂದು ಅದನ್ನು ಕಸಿದು ಸೆರಗಿನಿಂದ ಒರೆಸಿದೆ.

ಒರೆಸಿದ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ಗಂಡ ಹಾಸಿಗೆ ಹಿಡಿದ ಮನೆಯಲ್ಲಿ ನಾನು ಕುಂಕುಮ ಒರೆಸಿದ್ದೆ. ಅತ್ತೆ ಕೆಂಪಾದ ನನ್ನ ಸೆರಗನ್ನೇ ನೋಡುತ್ತಿದ್ದರು. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಆ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಫೋನ್ ಮಾಡಿ ಹೇಳಿದರೆ ಮೆಕ್ಯಾನಿಕ್ಕು ಬೈಯಲಿಲ್ಲ. "ಕೀ ಆನ್ ಮಾಡ್ರಿ, ಸ್ಟಾರ್ಟ್ ಬ್ಯಾಡ. ತಗಂಡರೆ ತಗಂತೈತೆ, ನೋಡಾನ," ಎಂದ.

ಗೆರೆ ಮತ್ತೆ ಮೊದಲಿನಿಂದ ಶುರುವಾಯಿತು. ಅದು ತುಂಬುವವರೆಗೂ ಕೀ ಕಾಯುತ್ತ ಕಾರಿನ ಸೀಟಿನಿಂದ ಏಳಲಿಲ್ಲ. ಅತ್ತೆ ತಟ್ಟೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಗೆ ಅವನು ಫೋನಿನಲ್ಲಿ ಹೂಂ ಅಂದ. ಕೀ ತಿರುಗಿಸಿದೆ, ಏನೂ ಆಗಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ತಿರುಗಿಸಿದೆ. ಎಂಜಿನ್ ಹಿಡಿಯಿತು.

ಅತ್ತೆ ಎದ್ದು ಬಂದು, ಕಿಟಕಿಯಿಂದ ಕೈ ಚಾಚಿ ನನ್ನ ಹಣೆಗೆ ಕುಂಕುಮ ಇಟ್ಟರು.

"ನಾಳೆ ಹುಷಾರಾಗಿ ಕರ್ಕಂಡು ಬಾರವ್ವ," ಅಂದರು.