ಅವಳ ಬಾಗಿಲವರೆಗೆ ಹೂವು

ನಮ್ಮ ಪಡಸಾಲೆಯ ನೆಲಕ್ಕೆ ನಾನು ಬಣ್ಣ ಬಳಿದದ್ದು ಅಂದಕ್ಕಲ್ಲ. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಹಿಡಿಯಲಿ. ನಾನು ಬಳಿದದ್ದು ನನ್ನ ವಾರಗಿತ್ತಿ ಆ ದಾರಿಯಲ್ಲಿ ಓಡಾಡದ ಹಾಗಾಗಲಿ ಅಂತ.

ವಾರಗಿತ್ತಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬಿಳಿಕೆರೆಯಿಂದ ಒಳಕ್ಕೆ ಹೋಗುವ ರಸ್ತೆಯ ಊರು ನಮ್ಮದು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತು. ಅಡುಗೆಮನೆ ಎರಡಾಯಿತು, ದೇವರ ಗೂಡು ಎರಡಾಯಿತು. ಪಡಸಾಲೆಯನ್ನು ಮಾತ್ರ ಸೀಳಲಾಗಲಿಲ್ಲ. ಅದು ಓಣಿಯ ಹಾಗೆ ಉದ್ದಕ್ಕಿದೆ. ಒಂದು ತುದಿಯಲ್ಲಿ ಬೀದಿ ಬಾಗಿಲು, ನಡುವೆ ಎಡಕ್ಕೆ ನನ್ನ ಬಾಗಿಲು, ಇನ್ನೊಂದು ತುದಿಯಲ್ಲಿ ಅವಳದು. ಒಂದು ವಾರ ಅವಳು, ಒಂದು ವಾರ ನಾನು ಗುಡಿಸಿ ಒರೆಸಬೇಕು ಅಂತ ಹಿರಿಯರು ಹೇಳಿ ಎದ್ದುಹೋದರು. ಅವಳು ಬೀದಿಗೆ ಬರಬೇಕಾದರೆ ಈ ಪಡಸಾಲೆ ದಾಟಬೇಕು. ಇಲ್ಲದಿದ್ದರೆ ಹಿತ್ತಲಿಗಿಳಿದು, ಕೊಟ್ಟಿಗೆ ಮತ್ತು ತಿಪ್ಪೆ ಬಳಸಿಕೊಂಡು ಬರಬೇಕು. ಅವಳನ್ನು ದಿನಾ ಆ ತಿಪ್ಪೆ ಪಕ್ಕ ನಡೆಸಬೇಕು ಅನ್ನುವುದೇ ನನ್ನ ಆಸೆ.

ಆಸೆ ಹಳೆಯದು. ನಾನು ಕಾಕನಕೋಟೆ ಕಡೆಯ ಕಾಡಂಚಿನ ಊರಿಂದ ಬಂದವಳು. ಮದುವೆಯಾದ ವರ್ಷದ ಸಂಕ್ರಾಂತಿಗೆ ಅಂಗಳದಲ್ಲಿ ದೊಡ್ಡ ರಂಗೋಲಿಗೆ ಕೂತೆ. ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವ ರಂಗೋಲಿ. ಎಲ್ಲೋ ಒಂದು ಚುಕ್ಕಿ ತಪ್ಪಿತು. ಕೊನೆಯ ಎಳೆ ಸೇರಲು ಜಾಗವಿಲ್ಲದೆ ನೇತಾಡಿತು. ವಾರಗಿತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲೇ ಇದ್ದರು.

"ಏನಮ್ಮಿ, ನಿಮ್ ಕಾಡಲ್ಲಿ ಕೋಳಿ ಕೆರೆದದ್ನೇ ರಂಗೋಲಿ ಅಂತಾರಾ?"

ಅವರೆಲ್ಲ ನಕ್ಕರು. ಅವಳು ಬಗ್ಗಿ ಕೈಯಲ್ಲಿ ಅಳಿಸಲಿಲ್ಲ. ಕಾಲಲ್ಲಿ ಅಳಿಸಿದಳು. ಹೆಬ್ಬೆರಳಿಂದ ಶುರುಮಾಡಿ ಪಾದ ಪೂರ್ತಿ ಆಡಿಸಿದಳು. ಅಂದಿನಿಂದ ಸಗಣಿ ಹಾಕಿ ಅಂಗಳ ಸಾರಿಸುವುದು ನನ್ನ ಕೆಲಸ, ಸ್ನಾನ ಮಾಡಿ ಬಂದು ರಂಗೋಲಿ ಬಿಡುವುದು ಅವಳ ಕೆಲಸ ಅಂತ ಅತ್ತೆ ಹೇಳಿದರು. ಗೋಡೆ ಏಳುವವರೆಗೂ ಅದು ಹಾಗೇ ನಡೆಯಿತು. ಇದೇ ಹೆಂಗಸು ಬೇರೆ ಯಾರ ರಂಗೋಲಿಯನ್ನೂ ತುಳಿಯುವುದಿಲ್ಲ. ಬೀದಿಯಲ್ಲಿ ಕಂಡರೆ ಚರಂಡಿ ಅಂಚಿಗೆ ಸರಿದು ಹೋಗುತ್ತಾಳೆ, ಅಷ್ಟು ಮಡಿ. ಅವಳು ಕಾಲಿಟ್ಟದ್ದು ನನ್ನದರ ಮೇಲೆ ಮಾತ್ರ.

ಹೋದ ವರ್ಷ ನನ್ನ ಮಂಡಿ ಊದಿಕೊಂಡು ಎಕ್ಸ್‌ರೇ ತೆಗೆಸಿದರು. ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದು ಏನೇನೋ ಹೇಳಿದರು. ನಾನು ನೋಡುತ್ತಿದ್ದದ್ದು ಹಾಳೆ ಎಷ್ಟು ಗಟ್ಟಿಯಿದೆ ಅಂತ. ಮನೆಗೆ ತಂದು, ತಟ್ಟೆ ಬೋರಲು ಹಾಕಿ ಗೆರೆ ಎಳೆದು, ಬ್ಲೇಡಿನಲ್ಲಿ ಎಂಟು ಎಸಳಿನ ತಾವರೆ ಕೊರೆದೆ. ತಾವರೆ ಲಕ್ಷ್ಮಿ ಕೂರುವ ಹೂವು, ನನ್ನ ಕೈಯದಾದರೂ ಅದರ ಮೇಲೆ ಅವಳು ಕಾಲಿಡಲಾರಳು. ಎಸಳು ಎಸಳಿನ ನಡುವೆ ಒಂದು ಬೆರಳಷ್ಟು ಬಿಡಬೇಕು, ಇಲ್ಲದಿದ್ದರೆ ಹೂವೇ ಕಳಚಿ ಬೀಳುತ್ತದೆ. ಒಂದು ಹಾಳೆ ಹಾಗೆ ಕೆಟ್ಟಿತು. ಇನ್ನೊಂದು ಮಂಡಿಯದೂ ಇತ್ತು, ಸರಿಹೋಯಿತು. ಅಚ್ಚಿನಲ್ಲಿ ಚುಕ್ಕಿ ಎಣಿಸುವ ಕಾಟವಿಲ್ಲ.

ಕೆ.ಆರ್. ನಗರದಲ್ಲಿ ನಮ್ಮವರದೊಂದು ಮದುವೆ ಬಂತು. ಎರಡೂ ಮನೆಯವರು ಹಿಂದಿನ ದಿನವೇ ಒಂದೇ ಗಾಡಿಯಲ್ಲಿ ಹೋದರು. ನಾನು ಮಂಡಿನೋವು ಅಂತ ಉಳಿದೆ. ಅವಳು ತಲೆನೋವು ಅಂತ ಉಳಿದಳು. ಅದು ನನ್ನ ವಾರ. ಅವರು ಹೊರಟ ಕೂಡಲೇ ನೆಲಕ್ಕೆ ಕೆಂಪು ಹೊಡೆದೆ. ಸಂಜೆಯಾದರೂ ಅವಳ ಬಾಗಿಲು ತೆರೆಯಲಿಲ್ಲ, ಒಳಗೆ ಟೀವಿ ಕೂಗುತ್ತಿತ್ತು. ಬೆಳಿಗ್ಗೆ ಕೆಂಪು ಒಣಗಿತ್ತು. ಹಳೆ ಹಾಸಿಗೆಯ ಸ್ಪಂಜು ಕಿತ್ತು, ಬಿಳಿ ಬಣ್ಣದ ಡಬ್ಬ ಹಿಡಿದು ಕೂತೆ.

ತಪ್ಪು ಮಾಡಿದ್ದು ಅಲ್ಲೇ. ಬಣ್ಣ ಬಳಿಯುವವನು ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬರುತ್ತಾನೆ. ನನ್ನದು ರಂಗೋಲಿ ಬುದ್ಧಿ. ಶುಭ ಕೆಲಸ ಬೀದಿ ಹೊಸಿಲಿಂದಲೇ ಶುರುವಾಗಬೇಕು, ಬಗ್ಗಿಕೊಂಡು ಹಿಂದೆ ಹಿಂದೆ ಸರಿಯಬೇಕು. ಅಚ್ಚು ಇಡು, ಸ್ಪಂಜು ಒತ್ತು, ಎತ್ತು, ಹಿಂದೆ ಸರಿ. ಒಂದು ಹೂವಿನ ಎಸಳು ಇನ್ನೊಂದಕ್ಕೆ ತಾಗುವ ಹಾಗೆ ಗೋಡೆಯಿಂದ ಗೋಡೆಗೆ, ಕಾಲಿಡಲು ಜಾಗ ಬಿಡದೆ ಒತ್ತಿದೆ. ನನ್ನ ಬಾಗಿಲು ದಾಟಿದ್ದು ಗೊತ್ತೇ ಆಗಲಿಲ್ಲ. ಕಡೆಗೆ ಬೆನ್ನಿಗೆ ಮರ ತಗುಲಿತು. ತಿರುಗಿ ನೋಡಿದರೆ ಅವಳ ಬಾಗಿಲು.

ಮುಂದೆ ಪೂರ್ತಿ ಹಸಿ ಹೂವು. ನನ್ನ ಬಾಗಿಲಿಗೆ ಹಾರೋಣ ಅಂದರೆ ಏಳೆಂಟು ಅಡಿ. ಮಂಡಿ ಎರಡಾಗುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಏನ್ ಮಾಡ್ತಿದ್ದೀಯೇ ಇಲ್ಲಿ?"

"ನೆಲಕ್ಕೆ ಬಣ್ಣ ಹಾಕ್ತಾವ್ನಿ."

"ಅದು ಕಾಣ್ತದೆ. ನನ್ ಬಾಗ್ಲಲ್ಲಿ ಯಾಕ್ ಕುಂತಿದ್ದೀಯೆ ಅಂದೆ."

"ಒಣಗ್ಲಿ ಅಂತ."

"ಏಸೊತ್ತಾಯ್ತದೆ?"

"ನಾಳೆವರ್ಗೂ ಬೇಕಂತೆ."

ಅವಳು ಒಳಗೆ ಹೋದಳು. ಸ್ಟೂಲು ತಂದು ಹೊಸಿಲ ಒಳಗೆ ಹಾಕಿ ಕೂತಳು. ಕೈಯಲ್ಲಿ ಕಾಫಿ ಲೋಟ, ಒಂದೇ ಲೋಟ. ನೆಲ ನೋಡಿಕೊಂಡು ಸೊರ್ ಸೊರ್ ಅಂತ ಕುಡಿದಳು.

"ಇಷ್ಟಗಲ ಬುಟ್ಟಿದ್ದೀಯಲ್ಲಮ್ಮಿ, ನಾನೆಲ್ಲಿ ಓಡಾಡ್ಲಿ?"

"ನಿಂಗೇನಕ್ಕ, ತುಳ್ಕಂಡೋಗು. ನಿಂಗೆ ಅಭ್ಯಾಸ ಐತಲ್ಲ."

ಲೋಟ ಬಾಯಿಯ ಹತ್ತಿರ ನಿಂತಿತು. ಅವಳಿಗೆ ತಕ್ಷಣ ನೆನಪಾಯಿತು. ಹಾಗಾದರೆ ಅವಳೂ ಮರೆತಿರಲಿಲ್ಲ.

"ಅದ್ನ ಇನ್ನೂ ಹೊಟ್ಟೇಲಿ ಇಟ್ಕಂಡಿದ್ದೀಯಾ?"

"ಇನ್ನೆಲ್ಲಿ ಮಡಗ್ಲಿ?"

"ಸರಿ ಕಣಮ್ಮಿ. 'ಅಕ್ಕ, ದಾರಿ ಬುಡು' ಅನ್ನು. ನನ್ ಮನೆ ಒಳಗಿಂದ ಹಿತ್ಲಿಗೆ ಬುಡ್ತೀನಿ."

ನಾನು ಅನ್ನಲಿಲ್ಲ. ಬಿಸಿಲು ಬೀದಿ ಬಾಗಿಲಿಂದ ಒಳಗೆ ಬಂದು ಮೂರನೇ ಸಾಲಿನ ಹೂವಿನವರೆಗೆ ಹರಿಯಿತು. ಅವಳೂ ಏಳಲಿಲ್ಲ. ಹಟ ನನಗೂ ಇದೆ, ಅವಳಿಗೂ ಇದೆ. ಆದರೆ ನನಗೆ ಬೆಳಿಗ್ಗೆ ಕುಡಿದ ಎರಡು ಲೋಟ ಗಂಜಿಯೂ ಇತ್ತು. ಈ ವಯಸ್ಸಿನಲ್ಲಿ ಮೂತ್ರ ಹಟವನ್ನು ಕೇಳುವುದಿಲ್ಲ. ಎದ್ದು ನಿಂತೆ.

"ಎಲ್ಲಿಗೆ?"

"ಹಿತ್ಲಿಗೆ. ಸರ್ಕಂಡ್ರೆ ಸರ್ಕೊ, ಇಲ್ದಿದ್ರೆ ನಿನ್ ಹೊಸ್ಲ ಮೇಲೇ ಆಯ್ತದೆ."

ಸ್ಟೂಲನ್ನೂ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಳು. ನಾನು ಅವಳ ಮನೆಯೊಳಗೆ ನಡೆದೆ. ಗೋಡೆ ಎದ್ದ ಮೇಲೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮುಖ ಕಾಣುವ ಕಪ್ಪು ಟೈಲ್ಸ್ ಹಾಕಿಸಿದ್ದಾರೆ. ನಡುಮನೆ ದಾಟುವಾಗ ಕಾಲಿಗೆ ಅಂಟಂಟು ಅನ್ನಿಸಿ ತಿರುಗಿ ನೋಡಿದೆ. ಏಳುವಾಗ ಎಕ್ಸ್‌ರೇ ಹಾಳೆಯ ಮೇಲೆಯೇ ಎರಡೂ ಕಾಲಿಟ್ಟಿದ್ದೇನೆ. ಅವಳ ಹೊಸಿಲಿಂದ ನಾನಿದ್ದಲ್ಲಿಯವರೆಗೆ ಕಪ್ಪು ನೆಲದ ಮೇಲೆ ಬಿಳಿ ಹೆಜ್ಜೆ, ಐದು ಬೆರಳೂ ಎಣಿಸುವ ಹಾಗೆ.

ಒರೆಸಿಕೊಳ್ಳಬಹುದಿತ್ತು. ಅಲ್ಲೇ ಕಾಲೊರೆಸುವ ಬಟ್ಟೆಯೂ ಬಿದ್ದಿತ್ತು. ಒರೆಸಿಕೊಳ್ಳಲಿಲ್ಲ. ಹಿತ್ತಲ ಬಾಗಿಲವರೆಗೂ ಹೆಜ್ಜೆಯನ್ನು ಊರಿ ಊರಿ ಇಟ್ಟೆ. ಕೊನೆಕೊನೆಗೆ ಬಣ್ಣ ತೀರಿ ಬೆರಳ ಗುರುತು ಮಾತ್ರ ಬಿತ್ತು. ಅವಳು ಹಿಂದಿನಿಂದ ಬೈಯುತ್ತಾ ಬಂದಳು. ನಾನು ನನ್ನ ಕೆಲಸ ಮುಗಿಸಿ ತಿಪ್ಪೆ ಬಳಸಿ, ನನ್ನ ಹಿತ್ತಲಿಂದ ಮನೆ ಸೇರಿಕೊಂಡೆ.

ಮದುವೆಯವರು ಮಾರನೆಯ ದಿನ ಬಂದರು. ಹಿತ್ತಲಿನಿಂದ ಒಳಗೆ ಹೋದ ಅವಳ ಸೊಸೆ ಕೂಗಿದ್ದು ಗೋಡೆಯ ಈಚೆಗೂ ಕೇಳಿಸಿತು.

"ಅಯ್ಯೋ ಅತ್ತೆ, ಲಕ್ಷ್ಮಿ ಪಾದ ಆಚೆಗ್ ಮುಖ ಮಾಡ್ಕಂಡವಲ್ಲಾ!"

ಅದು ನನಗೂ ಹೊಳೆದಿರಲಿಲ್ಲ. ಹಬ್ಬದಲ್ಲಿ ಲಕ್ಷ್ಮಿ ಬರಲಿ ಅಂತ ಬೀದಿ ಬಾಗಿಲಿಂದ ಒಳಮುಖವಾಗಿ ಅಕ್ಕಿಹಿಟ್ಟಿನ ಪಾದ ಬರೆಯುತ್ತೇವೆ. ಅವಳ ಮನೆಯಲ್ಲಿ ಪಾದ ದೇವರ ಗೂಡನ್ನು ದಾಟಿ, ನೆಟ್ಟಗೆ ಹಿತ್ತಲಿಗೆ ಹೊರಟುಹೋಗಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದರು, ಬ್ಲೇಡಿನಲ್ಲಿ ಕೆರೆದರು. ಟೈಲ್ಸಿನ ಸಂದಿಯಲ್ಲಿ ಕೂತ ಬಿಳಿ ಇನ್ನೂ ಹೋಗಿಲ್ಲವಂತೆ.

ಲಕ್ಷ್ಮಿ ಹೊರಟುಹೋದ ದಾರಿಯಲ್ಲಿ ಇನ್ನು ಕಾಲಿಡುವುದಿಲ್ಲ ಅಂತ ವಾರಗಿತ್ತಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದಳು. ಅವಳು ತಿಪ್ಪೆ ಪಕ್ಕ ನಡೆಯಲಿ ಅಂತಲ್ಲವೇ ನಾನು ಮಂಡಿಯೂರಿ ಸತ್ತದ್ದು? ಆ ದಾರಿಯನ್ನು ನನ್ನ ಕಾಲೇ ಕೆಡಿಸಿತು. ಎರಡು ದಿನ ಅವಳು ಮನೆಯಿಂದ ಈಚೆಗೆ ಬರಲಿಲ್ಲ.

ಮೂರನೇ ದಿನ ನಾನು ನನ್ನ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಅವಳ ಬಾಗಿಲು ತೆರೆಯಿತು. ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು. ಒಂದು ಕೈಯಲ್ಲಿ ಗೋಡೆ ಹಿಡಿದು, ನರಳಿಕೊಂಡು ಬಗ್ಗಿದಳು. ಮೊದಲನೇ ಹೂವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತುಳಿತಾವ್ನಿ, ತಪ್ಪಾಯ್ತು," ಅಂತ ನೆಲಕ್ಕೆ ಹೇಳಿ, ಗೋಡೆ ಅಂಚಿನಲ್ಲಿ ಬೆರಳ ತುದಿಯ ಮೇಲೆ ದಾಟಿಹೋದಳು.

ಈಗ ದಿನಾ ಹಾಗೆಯೇ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಾನು ಆ ಹೊತ್ತಿಗೆ ಹೊಸಿಲ ಮೇಲೆ ಏನಾದರೂ ಸುಲಿಯುತ್ತಾ ಕೂತಿರುತ್ತೇನೆ. ನನ್ನ ಸೊಸೆಗೆ ಇದು ಸರಿಬೀಳುವುದಿಲ್ಲ.

"ಅವ್ರು ನೆಲಕ್ ಕೈ ಮುಗಿಯೋದು ಕಣತ್ತೆ, ನಿಮ್ಗಲ್ಲ," ಅಂದಳು.

"ನಂಗೊತ್ತು ಕಣವ್ವ. ನಾನೇನು ಆಶೀರ್ವಾದ ಮಾಡ್ತಾ ಇದ್ದೀನಾ?" ಅಂದೆ.

ವಾರಗಿತ್ತಿ ಕೈಯಿಟ್ಟು ಇಟ್ಟು ಅವಳ ಬಾಗಿಲ ಮುಂದಿನ ಹೂವು ಸವೆಯುತ್ತಿದೆ. ಬಿಳಿ ಬಣ್ಣ ಅರ್ಧ ಡಬ್ಬ ಉಳಿದಿದೆ, ಎಕ್ಸ್‌ರೇ ಹಾಳೆಯನ್ನು ತೊಳೆದು ಅಟ್ಟದ ಮೇಲೆ ಇಟ್ಟಿದ್ದೇನೆ. ಮುಂದಿನ ವಾರ ನನ್ನದು. ಈ ಸಲ ಅವಳ ಬಾಗಿಲಿಂದ ಶುರುಮಾಡುತ್ತೇನೆ.