ನಮ್ಮ ಕಂಪನಿಯ ರಿಜಿಸ್ಟರ್ಡ್ ಏಜೆಂಟು

ಗೆಳೆಯರೇ, ಇವತ್ತು ಲಂಚ್ ಹೊತ್ತಿನಲ್ಲಿ ವಕೀಲರ ಆಫೀಸಿನಲ್ಲಿ ನನ್ನ ಅತ್ತೆ ಮೂವರು ಎಂಜಿನಿಯರುಗಳ ಬಾಯಿ ಮುಚ್ಚಿಸಿದರು.

ನಾವು ಮೂವರು ಸ್ನೇಹಿತರು ಸೇರಿ ಕಂಪನಿ ತೆರೆಯುತ್ತಿದ್ದೇವೆ. ಈ ದೇಶದ ಕಾನೂನಿನಂತೆ ಅದಕ್ಕೊಬ್ಬ ರಿಜಿಸ್ಟರ್ಡ್ ಏಜೆಂಟ್ ಬೇಕಂತೆ. ಯಾರಾದರೂ ಕೇಸು ಹಾಕಿದರೆ ಕೋರ್ಟಿನ ಕಾಗದ ತೆಗೆದುಕೊಳ್ಳುವವರು. “ಹಗಲೆಲ್ಲ ಕೊಟ್ಟ ವಿಳಾಸದಲ್ಲೇ ಇರಬೇಕು. ಕಾಗದ ಕೈತಪ್ಪಿದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬಂದೀತು” ಎಂದರು ವಕೀಲರು. ನಾವು ಮೂವರೂ ಇನ್ನೂ ಹಗಲಿನ ನೌಕರಿ ಬಿಟ್ಟಿಲ್ಲ.

ಈ ಕೆಲಸ ಮುಗಿಸಿ ಗ್ರೋಸರಿಗೆ ಹೋಗೋಣವೆಂದು ಜೊತೆಗೆ ಬಂದಿದ್ದ ಅತ್ತೆ, ಧಾರವಾಡದವರು, ಈಗ ನಮ್ಮ ಮನೆಯಲ್ಲೇ ಇರುವವರು, ಮೂಲೆಯ ಕುರ್ಚಿಯಿಂದ “ಏನಂತಾರ್ರಿ ಅವರು?” ಎಂದರು. ಹೇಳಿದೆ.

“ನಾ ಇರ್ತೀನಲ್ರಿ ಮನ್ಯಾಗ.”

“ಅತ್ತೆ, ಇದು ಲೀಗಲ್ ವಿಷಯ. ನಿಮಗೆ ಗೊತ್ತಾಗಲ್ಲ.”

“ಸಮನ್ಸ್ ಹೌದಲ್ರಿ? ನಮ್ಮ ಮಾವನವರ ಹೊಲದ ಕೇಸು ಇಪ್ಪತ್ತೆರಡು ವರ್ಷ ನಡೀತು. ಕೋರ್ಟಿನ ಅಮೀನ ಬಂದಾಗೆಲ್ಲಾ ಕಾಗದ ತಗೊಂಡಾಕಿ ನಾನ. ಮೊದಲ ಕೋರ್ಟಿನ ಸಿಕ್ಕಾ, ಮೊಹರು ನೋಡಬೇಕು, ಆಮ್ಯಾಲೆ ಕೇಸಿನ ನಂಬರು, ತಾರೀಖು. ಸಹಿ ಪಕ್ಕದಾಗ ಹೊತ್ತು ಬರೀಬೇಕು. ಅವತ್ತ ವಕೀಲರಿಗೆ ಮುಟ್ಟಿಸಬೇಕು.”

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಂತೆ ವಕೀಲರು ಎದ್ದುಬಂದು ಅತ್ತೆಯ ಕೈ ಕುಲುಕಿದರು. ಸೆಕ್ರೆಟರಿ ಟೈಪ್‌ರೈಟರಿನಲ್ಲಿ ಅತ್ತೆಯ ಹೆಸರು, ನಮ್ಮ ಫಾಸ್ಟರ್ ಸಿಟಿಯ ಮನೆಯ ವಿಳಾಸ ಹೊಡೆದರು. ಅತ್ತೆ ಕನ್ನಡದಲ್ಲಿ ಸಹಿ ಹಾಕಿ, ಗೋಡೆಯ ಗಡಿಯಾರ ನೋಡಿ, ಪಕ್ಕದಲ್ಲಿ ಹೊತ್ತನ್ನೂ ಬರೆದರು.

ಹೀಗಾಗಿ ನಮ್ಮ ಹೊಸ ಕಂಪನಿಯಲ್ಲಿ ತಮ್ಮ ಕೆಲಸದಲ್ಲಿ ಇಪ್ಪತ್ತೆರಡು ವರ್ಷದ ಅನುಭವ ಇರುವುದು ಸದ್ಯಕ್ಕೆ ಒಬ್ಬರಿಗೇ.